ಪ್ರಾಗ್‌ಗೆ ಹೊರಟಿದ್ದೀರಾ? ಹೋಟೆಲಿನ ಸ್ಟಾರ್ ಬಿಡಿ, ಮೆಟ್ಟಿಲು ಎಣಿಸಿ

ಚೆಕ್ ದೇಶದ ರಾಜಧಾನಿ ಪ್ರಾಗ್‌ನ ಹಳೇ ಪೇಟೆಯಲ್ಲಿ ಸೂಟ್‌ಕೇಸ್ ಎಳೆದವರಿಗೆ ಆ ಸದ್ದು ಮರೆಯುವುದಿಲ್ಲ. ಅಲ್ಲಿನ ರಸ್ತೆಗೆ ಟಾರ್ ಇಲ್ಲ, ಸಣ್ಣ ಸಣ್ಣ ಕಲ್ಲು ಜೋಡಿಸಿರುತ್ತಾರೆ. ಕಲ್ಲಿಗೂ ಕಲ್ಲಿಗೂ ನಡುವೆ ಸಂದು. ಕಡಕಡ ಕಡಕಡ ಅಂತ ಇಡೀ ಬೀದಿಗೆ ಕೇಳುತ್ತೆ. ಮೊದಲ ಸಲ ನಾನೂ ನನ್ನ ಗಂಡನೂ ಹೋದಾಗ ರಾತ್ರಿ ಹತ್ತೂವರೆ. ಹೋಟೆಲ್ ಇನ್ನೂ ಎರಡು ತಿರುವು ಇದೆ ಅನ್ನುವಾಗ ನನ್ನ ಸೂಟ್‌ಕೇಸಿನ ಒಂದು ಚಕ್ರ ಕಿತ್ತುಕೊಂಡು, ಇಳಿಜಾರಲ್ಲಿ ಉರುಳಿ, ಚರಂಡಿ ಜಾಲರಿ ಮೇಲೆ ಹೋಗಿ ಕೂತಿತು. ಏದುಸಿರು ಬಿಡುತ್ತಾ ಹೋಟೆಲ್ ತಲುಪಿದರೆ ಲಿಫ್ಟ್ ಇಲ್ಲ. ಸುತ್ತು ಮೆಟ್ಟಿಲು, ಒಟ್ಟು ಐವತ್ತೆರಡು. ಎಣಿಸಿದ್ದೇನೆ. ವೆಬ್‌ಸೈಟಿನ ಫೋಟೋದಲ್ಲಿದ್ದ ಗೋಪುರ ರೂಮಿನಿಂದ ಕಾಣುತ್ತಿತ್ತು, ಅದರಲ್ಲಿ ಮೋಸ ಇಲ್ಲ. ಕಿಟಕಿಯಿಂದ ಕತ್ತು ಹೊರಗೆ ಚಾಚಿ ಎಡಕ್ಕೆ ತಿರುಗಿಸಬೇಕಿತ್ತು ಅಷ್ಟೆ. ಕೆಳಗೆ ಪಬ್. ಮೂರು ರಾತ್ರಿ ನಿದ್ದೆ ಇಲ್ಲ.

ಎರಡನೇ ಸಲ ಅಮ್ಮನನ್ನು ಕರೆದುಕೊಂಡು ಹೋದೆ. ಅವರಿಗೆ ಅರವತ್ತೆಂಟು, ಮಂಡಿನೋವು ಬೇರೆ. ಆಗ ಬುದ್ಧಿ ಬಂದಿತ್ತು. ಕೆಳಗೆ ಬರೆದಿರುವುದೆಲ್ಲ ಆ ಎರಡು ಪ್ರವಾಸಗಳ ನಡುವೆ ಕಲಿತದ್ದು.

ಮೊದಲು ತಿಂಗಳು ಆರಿಸಿ

ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಜನಜಾತ್ರೆ, ರೂಮಿನ ಬಾಡಿಗೆಯೂ ಜಾಸ್ತಿ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಸಂತೆ ಚಂದ, ಆದರೆ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ನನ್ನ ಓಟು ಸೆಪ್ಟೆಂಬರ್ ಕೊನೆಗೆ. ಆಗ ಸೂರ್ಯ ಬೆಳಗ್ಗೆ ಏಳರ ಹೊತ್ತಿಗೆ ಹುಟ್ಟುತ್ತಾನೆ. ಇದು ಯಾಕೆ ಮುಖ್ಯ ಅಂತ ಸೇತುವೆ ವಿಷಯ ಬಂದಾಗ ಹೇಳುತ್ತೇನೆ.

ಏರಿಯಾ: ಇಲ್ಲೇ ಅರ್ಧ ಪ್ರವಾಸ ತೀರ್ಮಾನವಾಗುತ್ತದೆ

ಊರಿನ ನಡುವೆ ವ್ಲತಾವಾ ನದಿ. ನದಿಯ ಬಲದಂಡೆಯಲ್ಲಿ ಸ್ತಾರೆ ಮೆಸ್ತೊ, ಅಂದರೆ ಹಳೇ ಪೇಟೆ. ಎಡದಂಡೆಯಲ್ಲಿ ಮಾಲಾ ಸ್ತ್ರಾನಾ, ಅದರ ಮೇಲೆ ಗುಡ್ಡದಲ್ಲಿ ಕೋಟೆ. ನೀವು ನೋಡಬೇಕು ಅಂದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಇಷ್ಟರೊಳಗೇ ಇದೆ. ಹಾಗಾಗಿ ಎಲ್ಲರೂ ಹಳೇ ಪೇಟೆಯಲ್ಲೇ ರೂಮು ಹುಡುಕುತ್ತಾರೆ. ನಾವೂ ಹಾಗೇ ಮಾಡಿದ್ದು.

ಹಳೇ ಪೇಟೆಯ ತೊಂದರೆ ಏನು? ಬಾಡಿಗೆ ದುಬಾರಿ, ಕಟ್ಟಡಗಳು ನೂರಾರು ವರ್ಷ ಹಳೆಯವು, ಎಷ್ಟೋ ಬೀದಿಗಳಿಗೆ ಟ್ಯಾಕ್ಸಿ ಬಾಗಿಲ ತನಕ ಬರುವುದಿಲ್ಲ. ದ್ಲೌಹಾ ಬೀದಿಯ ಸುತ್ತಮುತ್ತ ರಾತ್ರಿ ಕುಡಿದವರ ಹಾಡು ತಪ್ಪಿದ್ದಲ್ಲ. ಎರಡೇ ದಿನ ಇರುವವರು, ಹರೆಯದವರು, ರಾತ್ರಿ ಓಡಾಟ ಇಷ್ಟ ಇರುವವರು ಅಲ್ಲಿ ಉಳಿಯಲಿ.

ಮಾಲಾ ಸ್ತ್ರಾನಾ ನೋಡಲು ಬಲು ಚಂದ. ರಾತ್ರಿ ಶಾಂತ. ಆದರೆ ನೆರುದೋವಾದಂಥ ಬೀದಿ ಶುದ್ಧ ಏರು. ಮಂಡಿನೋವಿನವರಿಗೆ ಬೇಡ.

ನಾನು ಅಮ್ಮನ ಜೊತೆ ಉಳಿದದ್ದು ವಿನೋಹ್ರಾಡಿಯಲ್ಲಿ. ಹೆಸರಿನ ಅರ್ಥವೇ ದ್ರಾಕ್ಷಿತೋಟ. ರಾಜ ನಾಲ್ಕನೇ ಚಾರ್ಲ್ಸ್ 14ನೇ ಶತಮಾನದಲ್ಲಿ ಇಲ್ಲಿ ದ್ರಾಕ್ಷಿ ಬೆಳೆಸಲು ಹೇಳಿದನಂತೆ, ಗ್ರೆಬೊವ್ಕಾ ಪಾರ್ಕಿನ ಇಳಿಜಾರಿನಲ್ಲಿ ಇವತ್ತಿಗೂ ಬಳ್ಳಿಗಳಿವೆ. ಸಾಲು ಮರ, ಅಗಲ ಫುಟ್‌ಪಾತ್, ಸಂಜೆ ನಾಯಿ ಹಿಡಿದುಕೊಂಡು ಓಡಾಡುವ ಊರಿನವರು. ಇಲ್ಲಿನ ನಾಮೆಸ್ತಿ ಮೀರು ಮೆಟ್ರೋ ನಿಲ್ದಾಣ ಎ ಲೈನಿನಲ್ಲಿದೆ. ಹಳೇ ಪೇಟೆಯ ಸ್ತಾರೊಮೆಸ್ತ್‌ಸ್ಕಾ ಅಲ್ಲಿಂದ ಮೂರನೇ ಸ್ಟಾಪು. ಅದಕ್ಕಿಂತ ಮುಖ್ಯವಾದ್ದು, ಕೋಟೆಗೆ ಹೋಗುವ 22ನೇ ನಂಬರ್ ಟ್ರಾಮ್ ನಾಮೆಸ್ತಿ ಮೀರುವಿನಲ್ಲಿ ನಿಲ್ಲುತ್ತದೆ. ಅಂದಹಾಗೆ ಆ ನಿಲ್ದಾಣದ ಎಸ್ಕಲೇಟರ್ 87 ಮೀಟರ್ ಉದ್ದ. ಅಮ್ಮ ಮೊದಲ ದಿನ ಅದರ ತುದಿಯಲ್ಲಿ ನಿಂತು, ಕೆಳಗೆ ನೋಡಿ, "ಪಾತಾಳಕ್ಕಾ ಕರ್ಕೊಂಡು ಹೋಗ್ತಿರೋದು?" ಅಂದರು. ವೇಗವೂ ನಮ್ಮೂರಿನ ಎಸ್ಕಲೇಟರಿಗಿಂತ ಜಾಸ್ತಿ. ಕೈಪಟ್ಟಿ ಹಿಡಿದೇ ಕಾಲಿಡಿ.

ಇನ್ನೊಂದು ಆಯ್ಕೆ ಕಾರ್ಲೀನ್. ಇಡೀ ಏರಿಯಾ ಮಟ್ಟಸ, ಏರು ತಗ್ಗು ಇಲ್ಲ. 2002ರ ಪ್ರವಾಹದಲ್ಲಿ ಪೂರ್ತಿ ಮುಳುಗಿತ್ತು. ಆಮೇಲೆ ರಿಪೇರಿಯಾದ ಕಟ್ಟಡಗಳು, ಹೊಸ ಆಫೀಸುಗಳು, ಒಳ್ಳೇ ಕಾಫಿ ಅಂಗಡಿಗಳು ಬಂದವು. ಬಿ ಲೈನಿನ ಕ್ರಿಝಿಕೋವಾದಿಂದ ಹಳೇ ಪೇಟೆಯ ಅಂಚಿಗೆ ಎರಡೇ ಸ್ಟಾಪು.

ಎಲ್ಲಾ ಏರಿಯಾಗೂ ನನ್ನದು ಒಂದೇ ಅಳತೆ: ಹೋಟೆಲ್ ಬಾಗಿಲಿನಿಂದ ಟ್ರಾಮ್ ಅಥವಾ ಮೆಟ್ರೋ ಸ್ಟಾಪಿಗೆ ಐದು ನಿಮಿಷದ ನಡಿಗೆ. ಮ್ಯಾಪಿನಲ್ಲಿ ನೋಡಿಕೊಳ್ಳಿ. 'ಸಿಟಿ ಸೆಂಟರ್‌ನಿಂದ 1.5 ಕಿಲೋಮೀಟರ್' ಅನ್ನುವ ಸಾಲು ನಂಬಬೇಡಿ. ಅದು ಕಾಗೆ ಹಾರಿದ ದೂರ, ನಡುವೆ ಗುಡ್ಡ ಇರಬಹುದು.

ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ್ದು

ಏರಿಯಾ ಆಯಿತಲ್ಲ, ಈಗ ಹೋಟೆಲಿಗೊಂದು ಮೆಸೇಜ್ ಹಾಕಿ. ನಾಚಿಕೆ ಬೇಡ, ಅವರಿಗೆ ದಿನಾ ಇದೇ ಕೆಲಸ.

ಲಿಫ್ಟ್ ಇದೆಯಾ? ಬರೀ 'ಇದೆ' ಅಂದರೆ ಸಾಲದು. ರಸ್ತೆಯಿಂದ ಲಿಫ್ಟಿನ ತನಕ ಎಷ್ಟು ಮೆಟ್ಟಿಲು ಅಂತಲೂ ಕೇಳಿ. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಅರ್ಧ ಅಂತಸ್ತು ಮೇಲಿನಿಂದ ಶುರುವಾಗುವುದುಂಟು. ಕೆಲವು ಲಿಫ್ಟಿನಲ್ಲಿ ಒಬ್ಬ ಮನುಷ್ಯ, ಒಂದು ಸೂಟ್‌ಕೇಸ್ ಹಿಡಿದರೆ ಮುಗೀತು.

ರೂಮು ಬೀದಿ ಕಡೆಗೋ ಒಳಾಂಗಣದ ಕಡೆಗೋ? ಒಳಾಂಗಣದ ಕಡೆಯದೇ ಕೇಳಿ. ನೋಟ ಇರಲ್ಲ, ನಿದ್ದೆ ಇರುತ್ತದೆ. ನೋಟ ನೋಡಲು ಇಡೀ ಊರೇ ಇದೆಯಲ್ಲ.

ಬೇಸಿಗೆಯಲ್ಲಿ ಹೋಗುವವರು ಎಸಿ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. 'ಯುರೋಪ್ ಅಲ್ವಾ, ಚಳಿ ಇರುತ್ತೆ' ಅನ್ನುವ ಲೆಕ್ಕ ಜುಲೈನಲ್ಲಿ ತಪ್ಪುತ್ತದೆ. ಬಿಸಿಲು 30 ಡಿಗ್ರಿ ದಾಟುವ ದಿನಗಳು ಬೇಕಾದಷ್ಟು. ಹಳೇ ಕಟ್ಟಡದಲ್ಲಿ ಎಸಿಯೂ ಇರಲ್ಲ, ಫ್ಯಾನೂ ಇರಲ್ಲ.

ರಿಸೆಪ್ಷನ್ ಎಷ್ಟು ಗಂಟೆ ತನಕ? ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಮನುಷ್ಯರೇ ಇರುವುದಿಲ್ಲ. ಬಾಗಿಲಿನ ಕೋಡ್ ಫೋನಿಗೆ ಬರುತ್ತದೆ. ನಿಮ್ಮ ಸಿಮ್ ಅಲ್ಲಿ ಕೆಲಸ ಮಾಡದಿದ್ದರೆ ಬೀದಿಯಲ್ಲೇ ನಿಲ್ಲಬೇಕು. ಕೋಡನ್ನು ಮುಂಚೆಯೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಪ್ರಾಗ್‌ನಲ್ಲಿ ಉಳಿಯುವವರು ಊರಿನ ತೆರಿಗೆ ಕಟ್ಟಬೇಕು. 2022ರಿಂದ ಒಬ್ಬರಿಗೆ ಒಂದು ರಾತ್ರಿಗೆ 50 ಕೊರುನಾ (ಅಲ್ಲಿನ ಹಣ), 18 ತುಂಬದ ಮಕ್ಕಳಿಗೆ ಇಲ್ಲ. ಬುಕಿಂಗ್ ಬೆಲೆಯಲ್ಲಿ ಅದು ಸೇರಿದೆಯಾ ಅಂತ ನೋಡಿ. ಕೆಲವು ಕಡೆ ಚೆಕ್-ಇನ್‌ನಲ್ಲಿ ಬೇರೆಯಾಗಿ ಕೇಳುತ್ತಾರೆ. ಅದು ಮೋಸ ಅಲ್ಲ, ಜಗಳ ಆಡಬೇಡಿ.

ಇನ್ನು ಯಾರೂ ಬರೆಯದ ವಿಷಯ: ಟಾಯ್ಲೆಟ್ಟಿನ ಪಕ್ಕ ಚೊಂಬೂ ಇರಲ್ಲ, ಹ್ಯಾಂಡ್ ಶವರೂ ಇರಲ್ಲ. ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಮಗ್ ಹಾಕಿಕೊಳ್ಳಿ. ಡಬಲ್ ಬೆಡ್ ಅಂದರೆ ಅಲ್ಲಿ ಬಹಳ ಸಲ ಎರಡು ಹಾಸಿಗೆ ಅಂಟಿಸಿ, ಎರಡು ಬೇರೆ ಬೇರೆ ರಜಾಯಿ ಕೊಟ್ಟಿರುತ್ತಾರೆ. ರಜಾಯಿ ಎಳೆದಾಟ ಇರಲ್ಲ. ಇದೊಂದನ್ನು ನಾವೂ ಕಲಿಯಬಹುದು ಅನಿಸಿತು.

ವೀಸಾ ಮತ್ತು ಬುಕಿಂಗ್

ವೀಸಾ ಅರ್ಜಿಗೆ ಹೋಟೆಲ್ ಬುಕಿಂಗ್ ತೋರಿಸಬೇಕು. ಆದರೆ ವೀಸಾ ಬರುವ ಗ್ಯಾರಂಟಿ ಇಲ್ಲ. ಹಾಗಾಗಿ ದುಡ್ಡು ವಾಪಸ್ ಬರುವ ಬುಕಿಂಗನ್ನೇ ಮಾಡಿ, ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು. 15 ದಿನದ ಒಳಗೆ ಬಂದರೆ ಆಗಲ್ಲ. ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಮೂರೂ ಸೇರಿಸಿ ಹೋಗುವವರು ಎಲ್ಲಿ ಜಾಸ್ತಿ ರಾತ್ರಿ ಉಳಿಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು.

ಬೆಂಗಳೂರಿನಿಂದ ಹೋಗುವವರು ಎಲ್ಲಾದರೂ ವಿಮಾನ ಬದಲಿಸಲೇಬೇಕು. ಫ್ರಾಂಕ್‌ಫರ್ಟ್‌ನಂಥ ಕಡೆ ಬದಲಿಸಿದರೆ ಇಮಿಗ್ರೇಷನ್ ಅಲ್ಲೇ ಆಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಶುರುವಾದ ಹೊಸ ವ್ಯವಸ್ಥೆಯಲ್ಲಿ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆಯುತ್ತಾರೆ, ಕ್ಯೂ ಉದ್ದ. ನಡುವೆ ಮೂರು ಗಂಟೆಯಾದರೂ ಇರಲಿ.

ಇಳಿದ ಮೇಲೆ

ಏರ್‌ಪೋರ್ಟಿಗೆ ಮೆಟ್ರೋ ಇಲ್ಲ. 59ನೇ ನಂಬರ್ ಟ್ರಾಲಿಬಸ್ ಹಿಡಿದು ನಾದ್ರಾಝಿ ವೆಲೆಸ್ಲಾವೀನ್‌ನಲ್ಲಿ ಇಳಿದರೆ ಎ ಲೈನ್ ಮೆಟ್ರೋ ಸಿಗುತ್ತದೆ. ಅದೇ ಲೈನಿನಲ್ಲಿ ನಾಮೆಸ್ತಿ ಮೀರು. ವಿನೋಹ್ರಾಡಿ ಆರಿಸಿದ್ದಕ್ಕೆ ಇದೂ ಒಂದು ಕಾರಣ. 90 ನಿಮಿಷದ ಒಂದೇ ಟಿಕೆಟ್ ಬಸ್ಸು, ಮೆಟ್ರೋ, ಟ್ರಾಮ್ ಎಲ್ಲಕ್ಕೂ ನಡೆಯುತ್ತದೆ. ಆಮೇಲಿನ ದಿನಗಳಿಗೆ 24 ಅಥವಾ 72 ಗಂಟೆಯದು ತೆಗೆದುಕೊಳ್ಳಿ. ಕಾಗದದ ಟಿಕೆಟ್ ಆದರೆ ಹಳದಿ ಡಬ್ಬಿಗೆ ಒಂದು ಸಲ, ಒಂದೇ ಸಲ ತೂರಿಸಿ ಮುದ್ರೆ ಹಾಕಿಸಬೇಕು. ಟಿಕೆಟ್ ಇದ್ದೂ ಮುದ್ರೆ ಇಲ್ಲದಿದ್ದರೆ ದಂಡವೇ. ಚೆಕಿಂಗಿನವರು ಮಾಮೂಲಿ ಬಟ್ಟೆಯಲ್ಲಿ ಬರುತ್ತಾರೆ.

ಅಲ್ಲಿ ನಡೆಯುವುದು ಕೊರುನಾ, ಯೂರೊ ಅಲ್ಲ. ಕೆಲವು ಅಂಗಡಿಯವರು ಯೂರೊ ತಗೊಳ್ಳುತ್ತಾರೆ, ಆದರೆ ದರ ಅವರಿಗೆ ಲಾಭ ಆಗುವಂಥದ್ದು. ಎಟಿಎಂ ಅಥವಾ ಕಾರ್ಡ್ ಮಷೀನು 'ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲಾ?' ಅಂತ ಕೇಳಿದರೆ ಬೇಡ ಅನ್ನಿ, ಕೊರುನಾ ಒತ್ತಿ. ಬೀದಿಯಲ್ಲಿ ಯಾರಾದರೂ ಒಳ್ಳೇ ದರಕ್ಕೆ ನೋಟು ಬದಲಿಸಿಕೊಡುತ್ತೇನೆ ಅಂದರೆ ನಡೆಯುತ್ತಾ ಇರಿ, ಅವರು ಕೊಡುವುದು ಬೇರೆ ಯಾವುದೋ ದೇಶದ ನೋಟು. ಅಂಗಡಿಯಲ್ಲಿ ಬದಲಿಸಿ ಮೋಸ ಅನಿಸಿದರೆ ಒಂದು ಉಪಾಯ ಇದೆ: 1,000 ಯೂರೊ ಒಳಗಿನ ವಹಿವಾಟನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸುವ ಹಕ್ಕು 2019ರಿಂದ ಅಲ್ಲಿನ ಕಾನೂನಿನಲ್ಲೇ ಇದೆ. ರಸೀದಿ ಎಸೆಯಬೇಡಿ.

ನೋಡುವ ಕ್ರಮ

ಬೆಳಗ್ಗೆ ಒಂಬತ್ತರ ಪ್ರಾಗ್ ಬೇರೆ, ಏಳರ ಪ್ರಾಗ್ ಬೇರೆ. ಚಾರ್ಲ್ಸ್ ಸೇತುವೆಯನ್ನು ಹತ್ತು ಗಂಟೆಗೆ ನೋಡಿದರೆ ಕಾಣುವುದು ಬೆನ್ನು, ಸೆಲ್ಫಿ ಕೋಲು, ಚಿತ್ರ ಬಿಡಿಸುವವರು. ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ. ಹಳೇ ಪೇಟೆಯ ಕಡೆಯಿಂದ ಹತ್ತಿ. ಎರಡೂ ಬದಿ ಒಟ್ಟು 30 ವಿಗ್ರಹ ಗುಂಪು, ಕಪ್ಪಗೆ ನಿಂತಿರುತ್ತವೆ. ನದಿ ಮೇಲೆ ಮಂಜು. ಎದುರಿಗೆ ಕೋಟೆ ನಿಧಾನ ಬಣ್ಣಕ್ಕೆ ಬರುತ್ತದೆ. ನಾವು ಹೋದ ದಿನ ಇದ್ದದ್ದು ನಾವು, ಒಬ್ಬ ಓಟಗಾರ, ಮತ್ತೆ ಮದುವೆ ಫೋಟೋ ತೆಗೆಸಿಕೊಳ್ಳುತ್ತಾ ಚಳಿಗೆ ನಡುಗುತ್ತಿದ್ದ ಒಂದು ಜೋಡಿ. ಸೆಪ್ಟೆಂಬರ್ ಅಂದದ್ದು ಇದಕ್ಕೇ. ಜೂನ್‌ನಲ್ಲಿ ಈ ದೃಶ್ಯ ಬೇಕಾದರೆ ಬೆಳಗ್ಗೆ ಐದಕ್ಕೆ ಅಲ್ಲಿರಬೇಕು, ಮೆಟ್ರೋ ಶುರುವಾಗುವುದೇ ಆ ಹೊತ್ತಿಗೆ.

ಸೇತುವೆಯ ಅಡಿಗಲ್ಲು ಬಿದ್ದದ್ದು 1357ರ ಜುಲೈ 9ರಂದು. ಬೆಳಗ್ಗೆ 5 ಗಂಟೆ 31 ನಿಮಿಷಕ್ಕೆ ಅಂತ ಊರಿನವರು ಕಥೆ ಹೇಳುತ್ತಾರೆ. ವರ್ಷ, ದಿನ, ತಿಂಗಳು, ಗಂಟೆ, ನಿಮಿಷ ಸಾಲಾಗಿ ಬರೆಯಿರಿ: 1-3-5-7-9-7-5-3-1. ಅಮ್ಮನಿಗೆ ಇದು ಭಾರಿ ಇಷ್ಟವಾಯಿತು. "ನೋಡು, ಇವರೂ ಮುಹೂರ್ತ ನೋಡ್ತಾರೆ!" 1841ರ ತನಕ ಊರಿನ ಎರಡು ದಂಡೆಗೂ ಇದ್ದದ್ದು ಇದೊಂದೇ ಸೇತುವೆ.

ಅದೇ ದಿನ ಕೋಟೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಸೇತುವೆಯಿಂದ ನೇರ ಮೇಲಕ್ಕೆ ಹತ್ತುವುದು. "ಚಾಮುಂಡಿ ಬೆಟ್ಟಕ್ಕೇ ನಾನು ಬಸ್ಸಲ್ಲಿ ಹೋಗೋಳು, ಇಲ್ಲಿ ಹತ್ತಿಸ್ತೀಯೇನೇ?" ಅಂತ ಅಮ್ಮ ಮೊದಲೇ ಕೇಳಿದ್ದರು. ಸೇತುವೆ ದಾಟಿ ಮಾಲೊಸ್ತ್ರಾನ್ಸ್ಕೆ ನಾಮೆಸ್ತಿಯಲ್ಲಿ 22ನೇ ಟ್ರಾಮ್ ಹತ್ತಿ. ಕೋಟೆಯ ಸ್ಟಾಪ್ ಬಂದರೂ ಇಳಿಯಬೇಡಿ, ಇನ್ನೂ ಎರಡು ಸ್ಟಾಪು ಮುಂದೆ ಪೊಹೊರ್ಝೆಲೆಟ್ಸ್ ತನಕ ಹೋಗಿ. ಅಲ್ಲಿಂದ ಹೆಚ್ಚುಕಮ್ಮಿ ಎಲ್ಲವೂ ಇಳಿಜಾರು: ಸ್ತ್ರಾಹೋವ್ ಮಠ, ಅಲ್ಲಿಂದ ಊರಿನ ಕೆಂಪು ಹೆಂಚಿನ ನೋಟ, ಆಮೇಲೆ ಲೊರೆಟಾ, ಆಮೇಲೆ ಕೋಟೆಯ ಬಾಗಿಲು. ಕಾಲಿಗೆ ಆಯಾಸವೇ ಇಲ್ಲ. ಈ ಟ್ರಾಮಿನಲ್ಲಿ ಜೇಬುಗಳ್ಳರು ಹೆಸರುವಾಸಿ. ಬ್ಯಾಗು ಎದೆ ಮೇಲೆ ಇರಲಿ.

ಕೋಟೆಯ ಅಂಗಳಕ್ಕೆ ದುಡ್ಡಿಲ್ಲ, ಕಟ್ಟಡಗಳ ಒಳಗೆ ಹೋಗಲು ಟಿಕೆಟ್. ಅದು ಎರಡು ದಿನ ನಡೆಯುತ್ತದೆ, ಒಂದೇ ದಿನ ಎಲ್ಲ ಮುಗಿಸುವ ಹಟ ಬೇಡ. ಸಂತ ವೀಟಸ್ ಚರ್ಚ್ ಕಟ್ಟಲು ಶುರು ಮಾಡಿದ್ದು 1344, ಮುಗಿದದ್ದು 1929. ನಮ್ಮ ರಸ್ತೆ ಕಾಮಗಾರಿ ನೆನಪಾಗಿ ನಗು ಬಂತು. ಭಾನುವಾರ ಬೆಳಗ್ಗೆ ಒಳಗೆ ಪೂಜೆ, ಪ್ರವಾಸಿಗರಿಗೆ ಮಧ್ಯಾಹ್ನವೇ. ಹಳೇ ಅರಮನೆಯ ವ್ಲಾದಿಸ್ಲಾವ್ ಸಭಾಂಗಣದಲ್ಲಿ ಕುದುರೆ ಸವಾರರ ಪಂದ್ಯ ನಡೆಯುತ್ತಿತ್ತಂತೆ, ಅಷ್ಟು ದೊಡ್ಡದು. ಪಕ್ಕದಲ್ಲಿ ಒಂದು ಕಿಟಕಿ. 1618ರ ಮೇ 23ರಂದು ಜಗಳ ತಾರಕಕ್ಕೇರಿ ರಾಜನ ಕಡೆಯ ಇಬ್ಬರು ಅಧಿಕಾರಿಗಳನ್ನೂ ಅವರ ಗುಮಾಸ್ತನನ್ನೂ ಇಲ್ಲಿಂದ ಕೆಳಗೆ ಎಸೆದರು. ಮೂವರೂ ಬದುಕಿದರು. ಆದರೆ ಅಲ್ಲಿಂದ ಹೊತ್ತಿದ ಕಿಚ್ಚು ಯುರೋಪಿನಲ್ಲಿ 30 ವರ್ಷ ಉರಿಯಿತು. ಕಿಟಕಿ ನೋಡಲು ಸಾಧಾರಣ, ನೋಡದೇ ದಾಟಿಬಿಡುವವರೇ ಜಾಸ್ತಿ.

ಎರಡನೇ ದಿನ ಹಳೇ ಪೇಟೆ. 1410ರ ಖಗೋಳ ಗಡಿಯಾರದ ಮುಂದೆ ಪ್ರತಿ ಗಂಟೆಗೆ ಜನ ಸೇರುತ್ತಾರೆ, ಬೆಳಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರ ತನಕ. ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಎರಡು ಪುಟ್ಟ ಕಿಟಕಿಯಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಮುಖ ತೋರಿಸಿ ಹೋಗುತ್ತಾರೆ, ಕೊನೆಗೆ ಕೋಳಿ ಕೂಗುತ್ತದೆ. ಒಂದು ನಿಮಿಷವೂ ಇಲ್ಲ. 'ಇಷ್ಟೇನಾ?' ಅನಿಸುತ್ತದೆ, ಅನಿಸಲಿ. ಬೆಳಗ್ಗೆ ಒಂಬತ್ತರದ್ದನ್ನೇ ನೋಡಿ, ಆಮೇಲೆ ಗಡಿಯಾರ ಇರುವ ಗೋಪುರವನ್ನೇ ಹತ್ತಿ. ಒಳಗೆ ಲಿಫ್ಟ್ ಇದೆ! ಅದೇ ಕಟ್ಟಡದ ಬುಡದಲ್ಲಿ ನೆಲದ ಕಲ್ಲಿನಲ್ಲಿ 27 ಬಿಳಿ ಶಿಲುಬೆ. 1621ರಲ್ಲಿ, ಆ ಕಿಟಕಿ ಪ್ರಕರಣದಿಂದ ಶುರುವಾದ ದಂಗೆ ಸೋತ ಮೇಲೆ, ಇಲ್ಲಿ ಮರಣದಂಡನೆಗೆ ಗುರಿಯಾದವರ ಲೆಕ್ಕ ಅದು. ಅದರ ಮೇಲೇ ನಿಂತು ಐಸ್‌ಕ್ರೀಮ್ ತಿನ್ನುವವರಿಗೆ ಗೊತ್ತಿರುವುದಿಲ್ಲ.

ಅಲ್ಲಿಂದ ಐದು ನಿಮಿಷಕ್ಕೆ ಯೋಸೆಫೋವ್, ಹಳೇ ಯಹೂದಿ ಕೇರಿ. ಅಲ್ಲಿನ ಸಿನಗಾಗ್‌ಗಳು (ಯಹೂದಿಗಳ ಪ್ರಾರ್ಥನಾ ಮಂದಿರ) ಪ್ರವಾಸಿಗರಿಗೆ ಶನಿವಾರ ಮುಚ್ಚಿರುತ್ತವೆ, ಇದನ್ನು ಮರೆತು ನಿರಾಶರಾದವರನ್ನು ಕಂಡಿದ್ದೇನೆ. ಪಿಂಕಾಸ್ ಸಿನಗಾಗ್‌ನ ಗೋಡೆ ತುಂಬಾ ಬರೀ ಹೆಸರು. ನಾಜಿಗಳ ಕೈಯಲ್ಲಿ ಸತ್ತ ಸುಮಾರು 80,000 ಜನರ ಹೆಸರು, ಊರು, ತಾರೀಕು. ಮೇಲಿನ ಅಂತಸ್ತಿನಲ್ಲಿ ತೆರೆಜೀನ್ ಶಿಬಿರದ ಮಕ್ಕಳು ಬಿಡಿಸಿದ ಚಿತ್ರಗಳು: ಮನೆ, ಚಿಟ್ಟೆ, ಊಟದ ಮೇಜು. ಅಮ್ಮ ಹೊರಗೆ ಬಂದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಇದಾದ ಮೇಲೆ ಬೇರೇನೂ ಇಟ್ಟುಕೊಳ್ಳಬೇಡಿ. ನದಿ ದಂಡೆಯಲ್ಲಿ ಸುಮ್ನೆ ಕೂತುಕೊಳ್ಳಿ.

ಊಟದ ಪಾಡು

ಸಸ್ಯಾಹಾರಿಗಳಿಗೆ ಪ್ರಾಗ್ ಈಗ ಕಷ್ಟವಲ್ಲ, ಸಸ್ಯಾಹಾರಿ ಹೋಟೆಲುಗಳೂ ಇಂಡಿಯನ್ ಹೋಟೆಲುಗಳೂ ಇವೆ. ಚೆಕ್ ಊಟದಲ್ಲೇ ಬೇಕಾದರೆ ಸ್ಮಜೆನಿ ಸೀರ್, ಅಂದರೆ ಗಟ್ಟಿ ಚೀಸನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು. ಮೊಟ್ಟೆ ತಿನ್ನದವರು ಅದನ್ನೂ ಬಿಡಬೇಕು, ಹೊರಗಿನ ಪದರಕ್ಕೆ ಮೊಟ್ಟೆ ಇರುತ್ತದೆ. 'ಬೆಜ್ ಮಸಾ' ಅಂದರೆ ಮಾಂಸ ಇಲ್ಲದೆ. ಹಾಗಂದರೂ ಸೂಪು ಯಾವುದರ ನೀರಿನದು ಅಂತ ಇನ್ನೊಮ್ಮೆ ಕೇಳಿ. ಉತ್ತರ ಕೇಳಿಸಿಕೊಳ್ಳುವಾಗ ಒಂದು ಎಚ್ಚರ: ಚೆಕ್ ಭಾಷೆಯಲ್ಲಿ ಹೌದು ಅನ್ನುವುದಕ್ಕೆ 'ಅನೊ'. ಮಾತಿನ ಭರದಲ್ಲಿ ಅದು ಬರೀ 'ನೊ' ಆಗುತ್ತದೆ. "ಇದರಲ್ಲಿ ಮಾಂಸ ಇದೆಯಾ?" ಅಂದಾಗ "ನೊ, ನೊ" ಅಂದರೆ ಖುಷಿಯಾಗಿ ತಿನ್ನಬೇಡಿ.

ಮನೆಯಿಂದ ಉಪ್ಪಿಟ್ಟಿನ ಮಿಕ್ಸ್, ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡ ಬೇಡ. ಹೊರಗಿನವರು ಹಾಲಿನ, ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ನಲ್ಲಿ ನೀರು ಧಾರಾಳವಾಗಿ ಕುಡಿಯಿರಿ.

ಕೊನೇ ದಿನ, ಮೈಸೂರಿನವರಿಗೆ

ವಿಶೆಹ್ರಾದ್ ಗುಡ್ಡ, ಲೆತ್ನಾ ಪಾರ್ಕು, ವೆನ್ಸೆಸ್ಲಾಸ್ ಚೌಕ, ಮೂರರಲ್ಲಿ ನಿಮಗೆ ಬೇಕಾದ್ದು ನೋಡಿ. ಚೌಕದಲ್ಲಿ ಬಾಟಾ ಅಂಗಡಿ ಕಂಡರೆ ಆಶ್ಚರ್ಯ ಬೇಡ. ನಾವೆಲ್ಲ ನಮ್ಮದೇ ಅಂದುಕೊಂಡಿರುವ ಬಾಟಾ 1894ರಲ್ಲಿ ಇದೇ ದೇಶದ ಜ್ಲೀನ್‌ನಲ್ಲಿ ಹುಟ್ಟಿದ್ದು.

ಲೆತ್ನಾಗೆ ಹೋದವರು ಪಕ್ಕದ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂ ಬಿಡಬೇಡಿ. ಸೋಮವಾರ ರಜೆ. ಸಾರಿಗೆಯ ದೊಡ್ಡ ಹಾಲಿನಲ್ಲಿ ತಲೆ ಮೇಲೆ ವಿಮಾನಗಳು ತೂಗುತ್ತವೆ, ಕೆಳಗೆ ಹಳೇ ಕಾರು, ಸುತ್ತ ಮೋಟಾರ್‌ಸೈಕಲ್ಲು. 1929ರಲ್ಲಿ ಫ್ರಾಂತಿಶೆಕ್ ಯಾನೆಚೆಕ್ ಇದೇ ಪ್ರಾಗ್‌ನಲ್ಲಿ ಜಾವಾ ಬೈಕ್ ಕಂಪನಿ ಶುರು ಮಾಡಿದ. ತನ್ನ ಹೆಸರು ಯಾನೆಚೆಕ್‌ನ Ja, ವಾಂಡರರ್ ಅನ್ನುವ ಜರ್ಮನ್ ಬೈಕಿನ Wa, ಎರಡೂ ಸೇರಿಸಿ ಮಾಡಿದ ಹೆಸರು (ಚೆಕ್ ಭಾಷೆಯಲ್ಲಿ J ಅಂದರೆ ಯ). 1960ರ ದಶಕದ ಶುರುವಿನಲ್ಲಿ ಅದು ಮೈಸೂರಿಗೆ ಬಂತು, ಆಮೇಲೆ ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಅಪ್ಪನ ಹತ್ತಿರ ಒಂದಿತ್ತು. ಅಮ್ಮ ಒಂದು ಕೆಂಪು ಬೈಕಿನ ಟ್ಯಾಂಕನ್ನು ಹಗ್ಗದ ಈಚೆಯಿಂದ ನೋಡುತ್ತಾ ನಿಂತರು.

"ಕಿಕ್ ಹೊಡೆದ ಮೇಲೆ ಆ ಕಡ್ಡೀನೇ ಮುಂದಕ್ಕೆ ತಳ್ಳಿದ್ರೆ ಗೇರು ಆಗ್ತಿತ್ತು ಕಣೆ. ನಿಮ್ಮಪ್ಪ ನಂಗೂ ಕಲಿಸ್ತೀನಿ ಅಂತಿದ್ರು."

ಈ ಹಾಲಿಗೆ ಅರ್ಧ ದಿನ ಇಟ್ಟುಕೊಳ್ಳಿ. ನಾವು ಒಂದು ಗಂಟೆ ಅಂದುಕೊಂಡು ಹೋಗಿದ್ದೆವು, ಬಾಗಿಲು ಹಾಕುವ ಹೊತ್ತಿಗೆ ಹೊರಗೆ ಬಂದೆವು.